ಮಲಗುವ ಮೊದಲೇ ಮುಗಿದುಹೋಗುವ ದೇಶ

ಬೆಂಗಳೂರಿನಲ್ಲಿ ರಾತ್ರಿ ರೈಲು ಹತ್ತಿ ಹುಬ್ಬಳ್ಳಿಯಲ್ಲೋ ವಿಜಯಪುರದಲ್ಲೋ ಕಣ್ಣು ಬಿಡುವುದು ನಮ್ಮ ತಲೆಮಾರಿನ ಕನ್ನಡಿಗರಿಗೆ ಉಸಿರಾಟದಷ್ಟೇ ಸಹಜ. ಮಲಗಿದಾಗ ಒಂದು ಬಗೆಯ ಕನ್ನಡ, ಎದ್ದಾಗ ಇನ್ನೊಂದು ಬಗೆಯ ಕನ್ನಡ. ನಾನು ಎರಡು ದಶಕಗಳಿಂದ ವೈದ್ಯವೃತ್ತಿ ನಡೆಸುತ್ತಿರುವ ಸಿಂಗಪುರದಲ್ಲಿ ಈ ಸುಖಕ್ಕೆ ಆಸ್ಪದವಿಲ್ಲ. ಸುಮಾರು 735 ಚದರ ಕಿಲೋಮೀಟರಿನ ಈ ದೇಶ ಬೆಂಗಳೂರು ನಗರ ಜಿಲ್ಲೆಯ ಮೂರನೆಯ ಒಂದು ಭಾಗದಷ್ಟಿದೆ. ಪೂರ್ವದ ಪಾಸಿರ್ ರಿಸ್‌ನಲ್ಲಿ ಎಂಆರ್‌ಟಿ ಹತ್ತಿದವನು ಒಂದು ಸಣ್ಣ ನಿದ್ದೆ ತೆಗೆದರೆ ಪಶ್ಚಿಮದ ತುದಿ ಬಂದುಬಿಟ್ಟಿರುತ್ತದೆ.

ಆದರೂ ಈ ಪುಟ್ಟ ದ್ವೀಪವನ್ನು ನೋಡಿ ಮುಗಿಸುವುದು ಸುಲಭವಲ್ಲ. ಭಾನುವಾರ ಸಂಜೆ ಸೆರಂಗೂನ್ ರಸ್ತೆಗೆ ಬಂದವರಿಗೆ ಅದು ಗೊತ್ತು. ವೀರಮಾಕಾಳಿ ಅಮ್ಮನ ಗುಡಿಯ ಗಂಟೆ, ಟೆಕ್ಕಾ ಮಾರುಕಟ್ಟೆಯ ಕರಿಬೇವಿನ ಘಮ, ವಾರದ ರಜೆಯಲ್ಲಿ ಬಯಲಿನ ಹುಲ್ಲಿನ ಮೇಲೆ ಗುಂಪುಗುಂಪಾಗಿ ಕುಳಿತು ಊರಿಗೆ ಫೋನ್ ಹಚ್ಚುವ ಕಟ್ಟಡ ಕಾರ್ಮಿಕರು. ಅಲ್ಲಿಂದ ಮೆಟ್ರೋದಲ್ಲಿ ಕೆಲವೇ ನಿಮಿಷ ಸಾಗಿದರೆ ಚೈನಾಟೌನ್. ಅಲ್ಲಿಯೂ ಬುದ್ಧನ ದೇವಾಲಯದ ಹತ್ತಿರವೇ ನಮ್ಮ ಮಾರಿಯಮ್ಮ ನೆಲೆಸಿದ್ದಾಳೆ.

ಇಂತಹ ನಗರದಿಂದಲೂ ಒಂದು ಕಾಲದಲ್ಲಿ ರಾತ್ರಿ ರೈಲು ಹೊರಡುತ್ತಿತ್ತು ಎಂದರೆ ಹೊಸದಾಗಿ ಬಂದ ಕನ್ನಡದ ಹುಡುಗರು ನಂಬುವುದಿಲ್ಲ. ಬಂದರಿನ ಸಮೀಪದ ತಂಜೊಂಗ್ ಪಾಗಾರ್ ನಿಲ್ದಾಣ ಆರಂಭವಾದದ್ದು 1932ರಲ್ಲಿ. ಅದರ ಮುಂಭಾಗದಲ್ಲಿ ಕೃಷಿ, ವಾಣಿಜ್ಯ, ಸಾರಿಗೆ, ಕೈಗಾರಿಕೆಗಳನ್ನು ಸಂಕೇತಿಸುವ ನಾಲ್ಕು ಬೃಹತ್ ಶಿಲ್ಪಗಳು ಇಂದಿಗೂ ನಿಂತಿವೆ. ನಿಲ್ದಾಣ ಇದ್ದದ್ದು ಸಿಂಗಪುರದಲ್ಲಿ, ನಡೆಸುತ್ತಿದ್ದುದು ಮಲೇಷ್ಯಾದ ರೈಲ್ವೆ. ಸಿಂಗಪುರ 1998ರಲ್ಲಿ ತನ್ನ ವಲಸೆ ತಪಾಸಣೆಯನ್ನು ಗಡಿಯಂಚಿನ ವುಡ್‌ಲ್ಯಾಂಡ್ಸ್‌ಗೆ ಸಾಗಿಸಿತು; ಮಲೇಷ್ಯಾದ ಅಧಿಕಾರಿಗಳು ಹಳೆಯ ನಿಲ್ದಾಣದಲ್ಲಿಯೇ ಉಳಿದರು. ಹೀಗಾಗಿ ಪ್ರಯಾಣಿಕರು ಮೊದಲು ಮಲೇಷ್ಯಾವನ್ನು ಪ್ರವೇಶಿಸಿ, ಆಮೇಲೆ ಸಿಂಗಪುರದಿಂದ ನಿರ್ಗಮಿಸುತ್ತಿದ್ದರು!

ಆ ರೈಲಿನಲ್ಲಿ ನನ್ನ ತಂದೆಯವರೊಡನೆ ಕ್ವಾಲಾಲಂಪುರಕ್ಕೆ ಹೋಗಿದ್ದೆ. ಅವರು ಹುಬ್ಬಳ್ಳಿಯ ರೈಲ್ವೆ ಅಂಚೆ ವಿಭಾಗದಲ್ಲಿದ್ದವರು. ಚಲಿಸುವ ರೈಲಿನ ಅಂಚೆ ಡಬ್ಬಿಯಲ್ಲಿ ರಾತ್ರಿಯಿಡೀ ನಿಂತು ಕಾಗದಗಳನ್ನು ಊರೂರಿನ ಗೂಡುಗಳಿಗೆ ವಿಂಗಡಿಸುವುದು ಅವರ ಕೆಲಸ. ವುಡ್‌ಲ್ಯಾಂಡ್ಸ್‌ನಲ್ಲಿ ಎಲ್ಲರೂ ಸಾಮಾನು ಸಮೇತ ಇಳಿದು, ಠಸ್ಸೆ ಹಾಕಿಸಿಕೊಂಡು ಮರಳಿ ಹತ್ತಿದೆವು. ನಮ್ಮಲ್ಲಿಯಂತೆ ಎದುರುಬದುರು ಬರ್ತುಗಳಲ್ಲ. ಓಣಿಯ ಎರಡೂ ಬದಿಗೆ ಉದ್ದಕ್ಕೆ ಹಾಸಿದ, ಪರದೆ ಇಳಿಬಿಟ್ಟ ಹಾಸಿಗೆಗಳು. ಮಾತಿಗೆ ಜೊತೆಯಿಲ್ಲ, ಹಂಚಿ ತಿನ್ನುವ ಬುತ್ತಿಯಿಲ್ಲ. ಅಪ್ಪನಿಗೆ ಬೇಸರವಾದೀತೆಂದು ನಾನು ಭಾವಿಸಿದ್ದೆ. ಬೆಳಗ್ಗೆ ಪರದೆ ಸರಿಸಿದವರ ಮುಖ ಅರಳಿತ್ತು. “ಮೂವತ್ತು ವರ್ಷ ರಾತ್ರಿ ರೈಲಿನ್ಯಾಗ ಅಡ್ಡಾಡೇನಿ. ಹಿಂಗ ನಿಶ್ಚಿಂತಿಲೇ ಮಲಗಿದ್ದು ಇದೇ ಮೊದಲು ನೋಡಪಾ” ಎಂದರು.

2010ರಲ್ಲಿ ಎರಡೂ ದೇಶಗಳು ರೈಲ್ವೆ ಭೂಮಿಯ ಹಳೆಯ ತಕರಾರನ್ನು ಬಗೆಹರಿಸಿಕೊಂಡವು. 2011ರ ಜೂನ್ 30ರ ರಾತ್ರಿ ತಂಜೊಂಗ್ ಪಾಗಾರ್‌ನಿಂದ ಹೊರಟ ಕಡೆಯ ರೈಲನ್ನು ಜೋಹೋರಿನ ಸುಲ್ತಾನರು ಸ್ವತಃ ಚಲಾಯಿಸಿದರು. ಇಂದು ಹಳಿಯಿದ್ದ ಹಾದಿ 24 ಕಿಲೋಮೀಟರಿನ ಹಸಿರು ಕಾಲುದಾರಿಯಾಗಿದೆ. 2015ರ ಜುಲೈನಿಂದ ಗಡಿ ದಾಟಲು ಉಳಿದದ್ದು ವುಡ್‌ಲ್ಯಾಂಡ್ಸ್ ಮತ್ತು ಜೋಹೋರ್ ಬಾರು ನಡುವಿನ ತೆಬ್ರಾವ್ ಶಟಲ್ ಮಾತ್ರ. ಪ್ರಯಾಣದ ಅವಧಿ ಐದು ನಿಮಿಷ!

ಇದು ಬರಿಯ ಹಳೆಯ ನೆನಪಿನ ಹಳಹಳಿಕೆಯಲ್ಲ. ನಿದ್ದೆಯ ರೈಲು ನಿಂತ ಗಡಿಯಲ್ಲಿ ನಿದ್ದೆಗೆಟ್ಟವರ ಸಂಚಾರ ಮಾತ್ರ ನಿಂತಿಲ್ಲ. ಒಂದು ಕಿಲೋಮೀಟರ್ ಉದ್ದದ ಸೇತುದಾರಿಯನ್ನು ದಿನಕ್ಕೆ ಸುಮಾರು ಮೂರು ಲಕ್ಷ ಜನ ದಾಟುತ್ತಾರೆ. ಸಂಬಳ ಸಿಂಗಪುರದ ಡಾಲರಿನಲ್ಲಿ, ಮನೆಬಾಡಿಗೆ ಮಲೇಷ್ಯಾದ ರಿಂಗಿಟ್‌ನಲ್ಲಿ ಎಂಬ ಲೆಕ್ಕಾಚಾರಕ್ಕೆ ಅವರು ತೆರುವ ಬೆಲೆಯೇ ನಿದ್ದೆ. ನನ್ನ ಜೊತೆ ಕೆಲಸ ಮಾಡಿದ ಜೋಹೋರಿನ ದಾದಿಯೊಬ್ಬರು ನಾಲ್ಕು ಗಂಟೆಗೇ ಎದ್ದು, ಮಲಗಿರುವ ಮಕ್ಕಳ ಹಣೆ ಮುಟ್ಟಿ ಹೊರಡುತ್ತಿದ್ದರು. ಮರಳುವಾಗಲೂ ಮಕ್ಕಳು ಮಲಗಿರುತ್ತಿದ್ದವು. ಏರಿದ ರಕ್ತದೊತ್ತಡ, ಇಳಿಯದ ಸಕ್ಕರೆ, ಕಾರಣವಿಲ್ಲದ ಸಿಡುಕು ಇವನ್ನು ಹೊತ್ತು ಬರುವ ರೋಗಿಗಳನ್ನು ನಾನು ಮೊದಲು ಕೇಳುವುದು ಎಷ್ಟಕ್ಕೆ ಏಳುತ್ತೀರಿ ಎಂದು. ಸತತ 17 ಗಂಟೆ ಎಚ್ಚರವಿದ್ದವರ ಕಣ್ಣು–ಕೈಗಳ ಹೊಂದಾಣಿಕೆ, ರಕ್ತದಲ್ಲಿ ಶೇಕಡ 0.05ರಷ್ಟು ಮದ್ಯಸಾರವಿರುವವರ ಮಟ್ಟಕ್ಕೆ ಇಳಿಯುತ್ತದೆಂದು 1997ರಲ್ಲಿಯೇ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದ್ದಾರೆ. ಆ ಸ್ಥಿತಿಯಲ್ಲಿ ಸಾವಿರಾರು ಜನ ಮೋಟರ್‌ಸೈಕಲ್ಲಿನಲ್ಲಿ ಮನೆಗೆ ಮರಳುತ್ತಾರೆ.

ರಾತ್ರಿ ರೈಲಿನ ರುಚಿ ಬೇಕೆನ್ನುವ ಓದುಗರಿಗೆ ಒಂದು ಮಾತು. ಗಡಿಯಾಚೆಯ ಜೆಬಿ ಸೆಂಟ್ರಲ್‌ನಿಂದ ಮಲೇಷ್ಯಾದ ಈಶಾನ್ಯ ತುದಿಯ ತುಂಪಾಟ್‌ಗೆ ಮಲಗುವ ಬೋಗಿಗಳ ರೈಲಿದೆ. ಗೆಮಾಸ್ ದಾಟಿದ ಮೇಲೆ ಕಾಡು. ಬೆಳಗ್ಗೆ ಮಂಜು ಕವಿದ ಸುಣ್ಣಕಲ್ಲಿನ ಗುಡ್ಡಗಳು. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರು ಈ ಮಾರ್ಗದ ಹಳಿಗಳನ್ನು ಕಿತ್ತು ಸಯಾಮ್–ಬರ್ಮಾ ರೈಲುಮಾರ್ಗಕ್ಕೆ ಒಯ್ದರು. ಮಲಯದ ರಬ್ಬರ್ ತೋಟಗಳಿಂದ ಸಾಗಿಸಲ್ಪಟ್ಟ ಸಾವಿರಾರು ತಮಿಳು ಕೂಲಿಗಳು ಅಲ್ಲಿ ಪ್ರಾಣ ಬಿಟ್ಟರು. ಪರದೆಯ ಮರೆಯಲ್ಲಿ ಸುಖವಾಗಿ ಮಲಗುವ ಮುನ್ನ ಅವರನ್ನೂ ನೆನೆಯಬೇಕು.

ವುಡ್‌ಲ್ಯಾಂಡ್ಸ್ ನಾರ್ತ್‌ನಿಂದ ಜೋಹೋರಿನ ಬುಕಿತ್ ಚಗಾರ್‌ಗೆ ನಾಲ್ಕು ಕಿಲೋಮೀಟರಿನ ಹೊಸ ಆರ್‌ಟಿಎಸ್ ಮಾರ್ಗವನ್ನು 2026ರ ಕೊನೆಯ ಹೊತ್ತಿಗೆ ತೆರೆಯುವ ಯೋಜನೆಯಿದೆ. ಗಂಟೆಗೆ ಒಂದು ದಿಕ್ಕಿನಲ್ಲಿ ಹತ್ತು ಸಾವಿರ ಜನರನ್ನು ಒಯ್ಯುವ ಸಾಮರ್ಥ್ಯ ಅದಕ್ಕಿದೆ. ಅದರಲ್ಲಿ ಹಾಸಿಗೆಯಿಲ್ಲ, ಹಾಸಿಗೆಯ ಅಗತ್ಯವೂ ಇಲ್ಲ. ಆದರೆ ಅದು ಉಳಿಸಿಕೊಡುವ ಸಮಯ ಮತ್ತೆ ದುಡಿಮೆಯ ಪಾಲಾಗದೆ, ಅಂತಹ ದಾದಿಯರ ಪಾಲಿಗೆ ಮನೆಯ ಹಾಸಿಗೆಯಲ್ಲಿ ಒಂದು ಗಂಟೆಯ ನಿದ್ದೆಯಾಗಿ ಸೇರಿದರೆ, ಅದಕ್ಕಿಂತ ಒಳ್ಳೆಯ ಸ್ಲೀಪರ್ ರೈಲು ಬೇರೊಂದಿಲ್ಲ.