ಬೀಗದ ಕೈ ಎಷ್ಟು ಸಲ ತಿರುಗುತ್ತದೆ?

ರೇಡಿಯೋ ಪೆಟ್ಟಿಗೆಗೆ ಲೈಸೆನ್ಸ್ ಬೇಕಾಗಿದ್ದ ಕಾಲವನ್ನು ಈ ಪತ್ರಿಕೆಯ ವಾಚಕರಲ್ಲಿ ಹಲವರು ಕಂಡಿರಬೇಕು. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ, ಶುಲ್ಕ ಕಟ್ಟಿ, ಅದನ್ನು ನವೀಕರಿಸಿಕೊಂಡು ಬರಬೇಕಾಗಿತ್ತು. ೧೯೮೦ರ ದಶಕದಲ್ಲಿ ಆ ಪದ್ಧತಿ ನಿಂತಿತು. ಪೆಟ್ಟಿಗೆ ನಮ್ಮದು, ಹಣ ತೆತ್ತವರೂ ನಾವೇ. ಆದರೂ ಅದರ ಕಿವಿ ಹಿಂಡಿ ವಾರ್ತೆ ಕೇಳುವುದಕ್ಕೆ ಬೇರೊಂದು ಅನುಮತಿ ಬೇಕೆಂಬುದು ನನ್ನ ಬಾಲ್ಯದ ಬುದ್ಧಿಗೆ ಹಿಡಿಸುತ್ತಿರಲಿಲ್ಲ. ವಸ್ತು ಬೇರೆ, ಅದನ್ನು ಬಳಸುವ ಅಪ್ಪಣೆ ಬೇರೆ ಎಂಬ ಆ ಪಾಠವನ್ನು ಈಗ ಕಂಪ್ಯೂಟರು ನನಗೆ ಎರಡನೆಯ ಸಲ ಹೇಳಿಕೊಟ್ಟಿದೆ.

ಸಂಗತಿ ನಡೆದದ್ದು ಭದ್ರಾವತಿಯಲ್ಲಿ. ನಮ್ಮ ಪ್ರೌಢಶಾಲೆಯ ವಾರ್ಷಿಕ ಸಂಚಿಕೆಗೆಂದು ಮಕ್ಕಳು ಬರೆದ ಕಥೆ, ಪದ್ಯ, ಪ್ರವಾಸದ ಅನುಭವಗಳನ್ನು ಎರಡು ತಿಂಗಳು ಕುಳಿತು ಕಂಪ್ಯೂಟರಿನಲ್ಲಿ ಅಚ್ಚುಮಾಡಿದ್ದೆ. ಹಣ ಕೊಟ್ಟು ಕೊಂಡಿದ್ದ ಒಂದು ಕನ್ನಡ ತಂತ್ರಾಂಶ, ಅದರದೇ ಹಳೆಯ ಬಗೆಯ ಅಕ್ಷರಗಳು. ವಾರ್ಷಿಕೋತ್ಸವಕ್ಕೆ ಹತ್ತು ದಿನವಿರುವಾಗ ಹಾರ್ಡ್ ಡಿಸ್ಕ್ ಸತ್ತುಹೋಯಿತು. ಪುಟಗಳೆಲ್ಲ ಪೆನ್‌ಡ್ರೈವಿನಲ್ಲಿ ಇದ್ದುದರಿಂದ ನಾನು ಅಷ್ಟಾಗಿ ಹೆದರಲಿಲ್ಲ. ಪೆಟ್ಟಿಗೆಯನ್ನು ಶಿವಮೊಗ್ಗದ ದುರ್ಗಿಗುಡಿಯ ರಿಪೇರಿ ಅಂಗಡಿಗೆ ಒಯ್ದೆ. ಅಲ್ಲಿಯ ಹುಡುಗ ಹೊಸ ಡಿಸ್ಕ್ ಹಾಕಿ, ವಿಂಡೋಸನ್ನು ಮೊದಲಿನಿಂದ ಮತ್ತೆ ಸ್ಥಾಪಿಸಿದ. ವಿಂಡೋಸ್ ಚಕಾರವೆತ್ತಲಿಲ್ಲ. ಕನ್ನಡ ತಂತ್ರಾಂಶವನ್ನು ಹಾಕಿ ಕೀಲಿಸಂಖ್ಯೆಯನ್ನು ಒತ್ತಿದಾಗ ಮಾತ್ರ, ಈ ಕೀಲಿಯನ್ನು ಬಳಸಬಹುದಾದ ಸಲಗಳು ಮುಗಿದಿವೆ ಎಂಬ ಸಂದೇಶ ಬಂದಿತು. ಪೆನ್‌ಡ್ರೈವಿನ ಪುಟವೊಂದನ್ನು ತೆರೆದರೆ, ಎಂಟನೆಯ ತರಗತಿಯ ಹುಡುಗಿಯೊಬ್ಬಳ ಪದ್ಯವಿದ್ದ ಜಾಗದಲ್ಲಿ ಇಂಗ್ಲಿಷಿನ ಬಿಡಿ ಅಕ್ಷರಗಳೂ ಅಲ್ಪವಿರಾಮಗಳೂ ಕಲಸಿ ಚೆಲ್ಲಿದಂತೆ ಬಿದ್ದಿದ್ದವು. ಬರಹ ಕಳೆದಿರಲಿಲ್ಲ, ಓದಲು ಬರುತ್ತಿರಲಿಲ್ಲ, ಅಷ್ಟೆ.

ಒಂದು ತಂತ್ರಾಂಶ ಸುಮ್ಮನೆ ಒಪ್ಪಿಕೊಂಡು ಇನ್ನೊಂದು ಏಕೆ ಮುನಿಯಿತು? ಇದನ್ನು ತಿಳಿದುಕೊಳ್ಳುವುದಕ್ಕೆ ನನಗೆ ಕೆಲವು ದಿನಗಳೇ ಹಿಡಿದವು. ತಿಳಿದದ್ದನ್ನು ನನ್ನ ಕಸುಬಿನ ಮಾತಿನಲ್ಲೇ ಹೇಳುತ್ತೇನೆ.

ಶಾಲೆಗೆ ಮಗು ಸೇರುವಾಗ ದಾಖಲಾತಿ ಪುಸ್ತಕದಲ್ಲಿ ಹೆಸರು ಬರೆದು, ಪಕ್ಕದಲ್ಲಿ ಬಲಗೆನ್ನೆಯ ಮೇಲೆ ಮಚ್ಚೆ, ಎಡಮೊಣಕೈಯಲ್ಲಿ ಗಾಯದ ಕಲೆ ಎಂದು ದೇಹದ ಗುರುತುಗಳನ್ನೂ ಬರೆಯುವುದುಂಟು. ತಂತ್ರಾಂಶವೂ ಹಾಗೆಯೇ ಮಾಡುತ್ತದೆ. ನಾವು ಒತ್ತುವ ಕೀಲಿಸಂಖ್ಯೆ ಹೆಸರಿದ್ದಂತೆ. ವಿಂಡೋಸಿನಲ್ಲಾದರೆ ಅದು ಐದೈದರ ಐದು ಗುಂಪಿನ ೨೫ ಅಕ್ಷರಾಂಕಿಗಳು. ಅದರ ಜೊತೆಗೆ ತಂತ್ರಾಂಶವು ಪ್ರೊಸೆಸರ್, ಡಿಸ್ಕ್, ನೆಟ್‌ವರ್ಕ್ ಕಾರ್ಡ್, ಮೆಮೊರಿ ಮೊದಲಾದ ಅಂಗಗಳನ್ನು ನೋಡಿ, ಅವುಗಳಿಂದ ಒಂದು ಗುರುತಿನ ಸಂಖ್ಯೆಯನ್ನು ಕಟ್ಟಿ, ಎರಡನ್ನೂ ಇಂಟರ್‌ನೆಟ್ಟಿನ ಮೂಲಕ ತಯಾರಕರ ಸರ್ವರಿಗೆ ಕಳಿಸುತ್ತದೆ. ಅಲ್ಲಿ ದಾಖಲಾತಿ ಪುಸ್ತಕ ತೆರೆದಿರುತ್ತದೆ. ಇದಕ್ಕೇ ಆ್ಯಕ್ಟಿವೇಶನ್ ಎಂದು ಹೆಸರು. ಸಕ್ರಿಯಗೊಳಿಸುವಿಕೆ ಎಂಬ ಕನ್ನಡ ಮಾತೂ ಬಳಕೆಯಲ್ಲಿದೆ. ಪಂಡಿತನಾದ ನನ್ನ ನಾಲಗೆಗೂ ಅದು ಸ್ವಲ್ಪ ಭಾರವೇ.

ಮನೆಮನೆಯ ವಿಂಡೋಸಿಗೆ ಈ ಕಟ್ಟುಪಾಡು ಬಂದದ್ದು ೨೦೦೧ರ ಎಕ್ಸ್‌ಪಿಯೊಡನೆ. ಅದಕ್ಕೆ ಮುಂಚೆ ಒಂದು ಸಿ.ಡಿ. ಇದ್ದರೆ ಒಂದು ಬೀದಿಗೇ ಸಾಕಾಗುತ್ತಿತ್ತು. ಎಕ್ಸ್‌ಪಿ ೩೦ ದಿನ ಅವಕಾಶ ಕೊಟ್ಟು ಆಮೇಲೆ ಬಾಗಿಲು ಹಾಕುತ್ತಿತ್ತು. ಇಂಟರ್‌ನೆಟ್ ಇಲ್ಲದವರು ದೂರವಾಣಿಯಲ್ಲಿ ಐವತ್ತಕ್ಕೂ ಹೆಚ್ಚು ಅಂಕಿಗಳನ್ನು ಓದಿ ಹೇಳಿ, ಅತ್ತ ಕಡೆಯಿಂದ ಹೇಳಿದ ೪೨ ಅಂಕಿಗಳನ್ನು ಬರೆದುಕೊಂಡು ಒತ್ತಬೇಕಾಗಿತ್ತು. ಮಧ್ಯದಲ್ಲಿ ಯಾರಾದರೂ ಕಾಫಿ ಬೇಕೇ ಎಂದು ಕೇಳಿದರೆ ಲೆಕ್ಕ ತಪ್ಪಿಹೋಗುತ್ತಿತ್ತು.

ವಿಂಡೋಸಿನ ಲೆಕ್ಕ ಮುಖ್ಯವಾಗಿ ಯಂತ್ರದ ಗುರುತಿನ ಮೇಲೆ ನಿಂತಿದೆ. ಅದೇ ಯಂತ್ರವನ್ನು ಹತ್ತು ಸಲ ಫಾರ್ಮ್ಯಾಟ್ ಮಾಡಿದರೂ ಅದು ಅದೇ ಹುಡುಗ. ಕ್ಷೌರ ಮಾಡಿಸಿಕೊಂಡು ಬಂದಿದ್ದಾನೆ ಎಂದು ಒಳಕ್ಕೆ ಬಿಡುತ್ತದೆ. ಒಂದು ಡಿಸ್ಕ್ ಬದಲಾದರೆ ಒಂದು ಮಚ್ಚೆ ಮಾಸಿದ ಹಾಗೆ. ಉಳಿದ ಗುರುತುಗಳು ಹೊಂದಿದರೆ ಸಾಕು. ಮದರ್‌ಬೋರ್ಡ್ ಬದಲಾದರೆ ಮಾತ್ರ ಮುಖವೇ ಬದಲಾದಂತೆ. ಕಂಪ್ಯೂಟರಿನ ಜೊತೆಯಲ್ಲೇ ಬಂದ ವಿಂಡೋಸಿನ ಲೈಸೆನ್ಸ್ ಆ ಯಂತ್ರಕ್ಕೇ ಕಟ್ಟುಬಿದ್ದದ್ದು. ೨೦೧೨ರ ವಿಂಡೋಸ್ ೮ರಿಂದ ಈಚೆಗೆ ಅದರ ಕೀಲಿಯನ್ನು ಸಾಮಾನ್ಯವಾಗಿ ಮದರ್‌ಬೋರ್ಡಿನೊಳಗೇ ಬರೆದಿಡುತ್ತಾರೆ, ನಾವು ಒತ್ತಬೇಕಾದದ್ದೂ ಇಲ್ಲ. ಅಂಗಡಿಯಲ್ಲಿ ಬೇರೆಯಾಗಿ ಕೊಂಡದ್ದನ್ನು ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಕಬಹುದು. ವಿಂಡೋಸ್ ೧೦ರಲ್ಲಿ ೨೦೧೬ರಿಂದ ಇನ್ನೊಂದು ಅನುಕೂಲ ಬಂದಿದೆ: ಲೈಸೆನ್ಸನ್ನು ಮೊದಲೇ ತಮ್ಮ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿಟ್ಟಿದ್ದರೆ, ಅಂಗಗಳು ಬದಲಾದ ಮೇಲೆ ಆ ಖಾತೆಯ ಮೂಲಕ ಇದು ಅದೇ ಯಂತ್ರವೆಂದು ಹೇಳಿಕೊಳ್ಳಬಹುದು.

ನನ್ನ ಕನ್ನಡ ತಂತ್ರಾಂಶದ ರೀತಿ ಬೇರೆ. ಅದು ಎಣಿಸುವುದು ದಾಖಲಾತಿಗಳನ್ನು. ಎರಡು ಯಂತ್ರಗಳಿಗೆ ಅನುಮತಿ ಇದ್ದರೆ ಎರಡೇ ಪೀಠ. ಒಂದು ಯಂತ್ರವನ್ನು ಬಿಡುವಾಗ, ಮಗು ಟಿ.ಸಿ. ಪಡೆಯುವಂತೆ, ಅದರ ಹೆಸರನ್ನು ನಾವೇ ಹೊಡೆಸಿ ಬರಬೇಕು. ತಂತ್ರಾಂಶದ ಪಟ್ಟಿಯಲ್ಲಿ ಡೀಆ್ಯಕ್ಟಿವೇಟ್ ಎಂದಿರುವುದು ಇದೇ. ಹೊಡೆಸದೆ ಫಾರ್ಮ್ಯಾಟ್ ಮಾಡಿದರೆ, ಊರು ಬಿಟ್ಟ ಹುಡುಗನ ಹೆಸರು ಹಾಜರಿಯಲ್ಲಿ ಉಳಿದಂತೆ ಪೀಠ ತುಂಬಿಯೇ ಇರುತ್ತದೆ. ನಾಲ್ಕು ವರ್ಷದ ಹಿಂದೆ ಒಮ್ಮೆ ವೈರಸ್ ಬಂದಾಗ ನಾವು ಟಿ.ಸಿ. ಪಡೆಯದೆಯೇ ಫಾರ್ಮ್ಯಾಟ್ ಮಾಡಿಸಿದ್ದೆವು. ಈ ಸಲ ಡಿಸ್ಕ್ ಸತ್ತದ್ದರಿಂದ ಪಡೆಯುವ ದಾರಿಯೇ ಇರಲಿಲ್ಲ. ಅಲ್ಲಿಗೆ ಒಂದೇ ಪೆಟ್ಟಿಗೆ ಎರಡು ಪೀಠಗಳನ್ನೂ ನುಂಗಿತ್ತು.

ಇನ್ನೂ ಕಷ್ಟದ ಪ್ರಸಂಗವೆಂದರೆ ದಾಖಲಾತಿ ಪುಸ್ತಕವನ್ನೇ ಮುಚ್ಚಿಬಿಡುವುದು. ಅಡೋಬಿ ಸಂಸ್ಥೆಯು ತನ್ನ ಸಿ.ಎಸ್. ೨ ಎಂಬ ಹಳೆಯ ಕಂತೆಯ ಆ್ಯಕ್ಟಿವೇಶನ್ ಸರ್ವರುಗಳನ್ನು ನಿಲ್ಲಿಸಿತು. ಆಗ ಕೊಂಡವರಿಗೆ ಮರುಸ್ಥಾಪನೆಯೇ ಅಸಾಧ್ಯವಾಗುತ್ತಿದ್ದುದರಿಂದ, ೨೦೧೩ರ ಹೊತ್ತಿಗೆ ಆ್ಯಕ್ಟಿವೇಶನ್ ಬೇಡದ ಪ್ರತಿಯೊಂದನ್ನು ಅದೇ ಸಂಸ್ಥೆ ಒದಗಿಸಿತು. ಎಲ್ಲ ತಯಾರಕರೂ ಅಷ್ಟು ಮಾಡುತ್ತಾರೆಂದು ಹೇಳಲಾಗದು. ಡಿ.ಟಿ.ಪಿ. ಅಂಗಡಿಗಳಲ್ಲಿದ್ದ ಶ್ರೀಲಿಪಿಯಂಥ ತಂತ್ರಾಂಶಗಳ ಜೊತೆ ಹಿಂದೆ ಬರುತ್ತಿದ್ದ ಡಾಂಗಲ್ ಎಂಬ ಪುಟ್ಟ ಬೀಗವೇ ಈ ವಿಷಯದಲ್ಲಿ ಮೇಲೆನಿಸುತ್ತದೆ. ಅದು ಯಾರನ್ನೂ ಕೇಳುತ್ತಿರಲಿಲ್ಲ. ಜೇಬಿನಲ್ಲಿಟ್ಟುಕೊಂಡು ಹೋಗಿ ಯಾವ ಯಂತ್ರಕ್ಕೆ ಚುಚ್ಚಿದರೆ ಅಲ್ಲಿ ಕೆಲಸ. ಕಳೆದುಕೊಂಡರೆ ಮಾತ್ರ ಗೋವಿಂದ.

ನನ್ನ ಕಥೆಗೆ ಬರೋಣ. ಅಂಗಡಿಯ ಹುಡುಗ ಮೆಲ್ಲಗೆ ಹೇಳಿದ: “ಸಾರ್, ಕ್ರ್ಯಾಕ್ ಹಾಕಿಬಿಡ್ತೀನಿ, ಹತ್ತು ನಿಮಿಷದ ಕೆಲಸ. ದುಡ್ಡು ಕೊಟ್ಟು ತಗೊಂಡಿದ್ದೀರಿ, ಬಿಲ್ಲಿದೆ. ಇದರಲ್ಲಿ ಯಾರ ಗಂಟು ಹೋಗುತ್ತೆ?” ಅವನ ಮಾತಿನಲ್ಲಿ ತೂಕವಿರಲಿಲ್ಲವೆಂದು ಹೇಳಲಾರೆ; ನಾನೂ ಒಂದು ಗಳಿಗೆ ತೂಗಿದೆ. ಆದರೆ ಇಂಥ ಕಳ್ಳಕೀಲಿಗಳ ಒಳಗೆ ಮಾಹಿತಿ ಕದಿಯುವ ಇನ್ನೊಬ್ಬ ಕಳ್ಳ ಕುಳಿತಿರುವುದುಂಟು. ಆ ಪೆಟ್ಟಿಗೆಯಲ್ಲಿ ಮಕ್ಕಳ ಹುಟ್ಟಿದ ದಿನಾಂಕ, ಪೋಷಕರ ಫೋನ್ ಸಂಖ್ಯೆಗಳೆಲ್ಲ ಮತ್ತೆ ತುಂಬಬೇಕಾಗಿತ್ತು. ಬೇಡವೆಂದೆ. ಶಾಲೆಯ ವೋಚರುಗಳ ಕಟ್ಟಿನಿಂದ ಹಳೆಯ ಬಿಲ್ಲನ್ನು ಹುಡುಕಿ, ಅದರ ಚಿತ್ರವನ್ನು ಲಗತ್ತಿಸಿ ತಯಾರಕರಿಗೆ ಇ-ಮೇಲ್ ಬರೆದೆ. ನಡುವೆ ಎರಡನೆಯ ಶನಿವಾರ, ಭಾನುವಾರ. ಸುಮ್ಮನಿರಲಾರದೆ ಮಕ್ಕಳ ಮೂಲಪ್ರತಿಗಳಿಗಾಗಿ ಬೀರು ತಡಕಿದೆ, ಅರ್ಧದಷ್ಟು ಸಿಕ್ಕಲಿಲ್ಲ. ಆ ಎಂಟನೆಯ ತರಗತಿಯ ಹುಡುಗಿ, “ಸಾರ್, ನಾನು ಬೇರೆ ಕಾಪಿ ಇಟ್ಟುಕೊಂಡಿಲ್ಲ” ಎಂದಳು. ಮಂಗಳವಾರ ಉತ್ತರ ಬಂದು, ಹಳೆಯ ದಾಖಲಾತಿಯೊಂದನ್ನು ಅವರು ತೆಗೆದುಹಾಕಿದರು. ಸಂಚಿಕೆಯ ಕಟ್ಟುಗಳು ಉತ್ಸವದ ಹಿಂದಿನ ಸಂಜೆ ಶಾಲೆ ಮುಟ್ಟಿದವು.

ವಿಂಡೋಸ್ ೧೦ಕ್ಕೆ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿದುದರಿಂದ, ಎಷ್ಟೋ ಮನೆ, ಶಾಲೆ, ಸಂಘಗಳಲ್ಲಿ ಮರುಸ್ಥಾಪನೆಯ ಕೆಲಸ ಎದುರಿಗಿದೆ. ಹಳೆಯ ವ್ಯವಸ್ಥೆ ಇನ್ನೂ ಉಸಿರಾಡುತ್ತಿರುವಾಗಲೇ ಹಣ ಕೊಟ್ಟು ಕೊಂಡ ಒಂದೊಂದು ತಂತ್ರಾಂಶವನ್ನೂ ತೆರೆದು, ಡೀಆ್ಯಕ್ಟಿವೇಟ್ ಇದ್ದರೆ ಒತ್ತಿ, ಆಮೇಲೆ ಫಾರ್ಮ್ಯಾಟ್ ಮಾಡಿಸಿರಿ. ಕೀಲಿಸಂಖ್ಯೆ, ಬಿಲ್ಲು, ಕೊಂಡಾಗ ಕೊಟ್ಟ ಇ-ಮೇಲ್ ವಿಳಾಸ, ಈ ಮೂರನ್ನು ಕಾಗದದ ಮೇಲೆ ಬರೆದಿಡಿ. ಕಂಪ್ಯೂಟರಿನೊಳಗೇ ಬರೆದಿಟ್ಟರೆ ಪೆಟ್ಟಿಗೆಯ ಬೀಗದ ಕೈಯನ್ನು ಪೆಟ್ಟಿಗೆಯಲ್ಲೇ ಇಟ್ಟಂತಾಯಿತು. ಬರೆದದ್ದರ ಒಂದು ಪ್ರತಿಯನ್ನು ಯೂನಿಕೋಡಿಗೆ ಬದಲಾಯಿಸಿಟ್ಟರೆ ಯಾವ ಯಂತ್ರದಲ್ಲೂ ಓದಬಹುದು. ೧೯೯೧ರ ಮೊದಲ ಆವೃತ್ತಿಯಿಂದಲೂ ಅದರಲ್ಲಿ ಕನ್ನಡಕ್ಕೆ ಸ್ಥಾನವಿದೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶವಂತೂ ಉಚಿತವಾದದ್ದು, ಎಷ್ಟು ಸಲ ಹಾಕಿದರೂ ಕೀಲಿ ಕೇಳುವುದಿಲ್ಲ. ನಮ್ಮ ಮುಂದಿನ ಸಂಚಿಕೆಯನ್ನು ಅದರಲ್ಲೇ, ಯೂನಿಕೋಡಿನಲ್ಲೇ ಅಚ್ಚುಮಾಡುತ್ತಿದ್ದೇನೆ.

ಹೊಸದಾಗಿ ಸ್ಥಾಪಿಸಿದ ಮೇಲೆ ಇನ್ನೊಂದು ಗಾಬರಿ ಕಾದಿರುತ್ತದೆ. ಎಕ್ಸ್‌ಪಿ ಕಾಲದಿಂದ ವಿಂಡೋಸಿನೊಡನೆ ಬರುತ್ತಿದ್ದ ಕನ್ನಡ ಅಕ್ಷರಕ್ಕೆ ತುಂಗಾ ಎಂದು ಹೆಸರು. ಭದ್ರೆಯ ಹೆಸರನ್ನು ಅವರು ಏಕೆ ಬಿಟ್ಟರೋ, ನಾವು ಭದ್ರಾವತಿಯವರು ಕೇಳಬೇಕಾದ ಪ್ರಶ್ನೆ. ವಿಂಡೋಸ್ ೧೦ರಿಂದ ಈ ತುಂಗಾ ತಾನಾಗಿ ಬರುವುದಿಲ್ಲ. ಅದರಲ್ಲಿ ಬರೆದ ಹಳೆಯ ಪುಟಗಳು ಬೇರೆ ಅಕ್ಷರದಲ್ಲಿ ತೋರಿ ಸಾಲುಗಳು ಹಿಂದುಮುಂದಾಗುತ್ತವೆ. ಸೆಟ್ಟಿಂಗ್ಸಿನ ಐಚ್ಛಿಕ ಸೌಲಭ್ಯಗಳ ಪಟ್ಟಿಯಲ್ಲಿ ಕನ್ನಡದ ಪೂರಕ ಫಾಂಟುಗಳನ್ನು ಆರಿಸಿದರೆ ಇಳಿದುಬರುತ್ತದೆ. ಅದಕ್ಕೆ ಬೇರೆ ಕೀಲಿಯೂ ಬೇಡ, ಎಷ್ಟನೆಯ ಸಲವೆಂಬ ಲೆಕ್ಕವೂ ಇಲ್ಲ.