ದಿನ ಬಿಟ್ಟು ದಿನ ವಾಹನ ನಿಲುಗಡೆ: ಫಲಕವನ್ನು ಓದುವ ಬಗೆ

ಪೇಟೆ ಬೀದಿಯಲ್ಲಿ ಅಂಗಡಿಯ ಮುಂದೆ ನಿಂತ ಸರಕು ವಾಹನಕ್ಕೆ ದಂಡದ ಚೀಟಿ ಬೀಳುವುದು ವರ್ತಕರಿಗೆ ಹೊಸ ಅನುಭವವಲ್ಲ. ಇವುಗಳಲ್ಲಿ ಕೆಲವು ನಿಯಮವನ್ನು ಕಡೆಗಣಿಸಿದ್ದಕ್ಕೆ ತೆತ್ತ ದಂಡಗಳಾದರೆ, ಇನ್ನು ಕೆಲವು ಫಲಕವನ್ನು ತಪ್ಪಾಗಿ ಓದಿದ್ದಕ್ಕೆ ತೆತ್ತವು. ನಿಗದಿತ ದಿನಗಳಿಗೆ ಮಾತ್ರ ಅನ್ವಯಿಸುವ ನಿಷೇಧಗಳ ವಿಷಯದಲ್ಲಿ ಇಂತಹ ಗೊಂದಲ ಹೆಚ್ಚು.

ದಿನ ಬಿಟ್ಟು ದಿನದ ವ್ಯವಸ್ಥೆಯ ಹಿಂದಿನ ತರ್ಕ ಸರಳವಾದುದು. ಹಳೆಯ ಪೇಟೆಯ ರಸ್ತೆಗಳು ಕಿರಿದು. ಎರಡೂ ಬದಿಗಳಲ್ಲಿ ವಾಹನಗಳು ನಿಂತರೆ ಸಂಚಾರಕ್ಕೆ ಎಡೆಯಿರುವುದಿಲ್ಲ. ಒಂದೇ ಬದಿಗೆ ಶಾಶ್ವತವಾಗಿ ಅವಕಾಶ ನೀಡಿದರೆ ಎದುರು ಬದಿಯ ಅಂಗಡಿಗಳಿಗೆ ಗಿರಾಕಿಗಳು ಕಡಿಮೆಯಾಗುವರೆಂಬ ದೂರು ಬರುತ್ತದೆ. ಆದುದರಿಂದ ಸಮ ದಿನಾಂಕಗಳಂದು ಒಂದು ಬದಿಗೂ ಬೆಸ ದಿನಾಂಕಗಳಂದು ಇನ್ನೊಂದು ಬದಿಗೂ ನಿಲುಗಡೆಯನ್ನು ಹಂಚಲಾಗುತ್ತದೆ.

ಮೊದಲು ಚಿಹ್ನೆಯನ್ನು ಗಮನಿಸಬೇಕು. ಕೆಂಪು ಅಂಚಿನ ನೀಲಿ ವೃತ್ತದಲ್ಲಿ ಒಂದೇ ಓರೆ ಗೆರೆಯಿದ್ದರೆ ಅದು ನಿಲುಗಡೆ ನಿಷೇಧ. ಎರಡು ಗೆರೆಗಳು ಪರಸ್ಪರ ಕತ್ತರಿಸಿದ್ದರೆ ವಾಹನವನ್ನು ನಿಲ್ಲಿಸುವುದೇ ನಿಷಿದ್ಧ. ಅಲ್ಲಿ ಒಂದು ಮೂಟೆಯನ್ನು ಇಳಿಸುವಷ್ಟು ಹೊತ್ತೂ ನಿಲ್ಲುವಂತಿಲ್ಲ. ಸರಕು ಇಳಿಸುವವರಿಗೆ ಈ ವ್ಯತ್ಯಾಸ ಬಹು ಮುಖ್ಯ. ದಿನ, ವೇಳೆ ಮತ್ತು ಬಾಣದ ಗುರುತುಗಳು ವೃತ್ತದ ಕೆಳಗಿನ ಪೂರಕ ಫಲಕದಲ್ಲಿರುತ್ತವೆ. ನಿಷೇಧವು ಯಾವ ದಿಕ್ಕಿಗೆ ಅನ್ವಯಿಸುತ್ತದೆ ಎಂಬುದನ್ನು ಬಾಣ ತಿಳಿಸುತ್ತದೆ.

ಹೆಚ್ಚಿನ ತಪ್ಪು ನಡೆಯುವುದು ಪೂರಕ ಫಲಕದ ಮಾತುಗಳಲ್ಲಿ. ಒಂದು ಬೀದಿಯ ಫಲಕ ‘ಸಮ ದಿನಾಂಕಗಳಂದು ನಿಲುಗಡೆ’ ಎಂದು ಅವಕಾಶವನ್ನು ಹೇಳಿದರೆ, ಪಕ್ಕದ ಬೀದಿಯದು ‘ಸಮ ದಿನಾಂಕಗಳಂದು ನಿಲುಗಡೆ ಇಲ್ಲ’ ಎಂದು ನಿಷೇಧವನ್ನು ಹೇಳಬಹುದು. ಬಣ್ಣ ಮಾಸಿ ‘ಇಲ್ಲ’ ಎಂಬ ಪದ ಅಳಿಸಿಹೋದರಂತೂ ಅರ್ಥವೇ ತಲೆಕೆಳಗಾಗುತ್ತದೆ. ಹೀಗಾಗಿ ದಿನದ ಪದವೊಂದನ್ನೇ ಓದಿ ನಿರ್ಧರಿಸದೆ, ಮೇಲಿನ ಚಿಹ್ನೆಯೊಡನೆ ಸೇರಿಸಿ ಓದುವುದು ಕ್ಷೇಮ. ಎದುರು ಬದಿಯ ಫಲಕವನ್ನೂ ನೋಡಿದರೆ ಸಂಶಯ ಬಹುಮಟ್ಟಿಗೆ ನೀಗುತ್ತದೆ.

ತಿಂಗಳ ಕೊನೆಯಲ್ಲಿ ಇನ್ನೊಂದು ತೊಡಕಿದೆ. 31ನೆಯ ತಾರೀಖಿನ ಮರುದಿನ 1ನೆಯ ತಾರೀಖು, ಎರಡೂ ಬೆಸ. ನಿನ್ನೆ ಈ ಬದಿಯಾಗಿತ್ತು, ಇಂದು ಆ ಬದಿಯೆಂದು ಅಭ್ಯಾಸಬಲದಿಂದ ವಾಹನವನ್ನು ಬದಲಿಸಿದ ಚಾಲಕ ಅಂದು ತಪ್ಪಿತಸ್ಥನಾಗುತ್ತಾನೆ. ವರ್ಷದಲ್ಲಿ ಏಳು ಬಾರಿ, ಅಧಿಕ ವರ್ಷದಲ್ಲಿ ಫೆಬ್ರವರಿ 29 ಸೇರಿ ಎಂಟು ಬಾರಿ ಹೀಗಾಗುತ್ತದೆ. ಲೆಕ್ಕ ಹಾಕಿದರೆ ಸಾಮಾನ್ಯ ವರ್ಷದಲ್ಲಿ ಬೆಸ ದಿನಾಂಕಗಳು 186, ಸಮ ದಿನಾಂಕಗಳು 179. ಅಂದರೆ ಒಂದು ಬದಿಯ ವರ್ತಕರಿಗೆ ಏಳು ದಿನಗಳ ಲಾಭ! ದೊಡ್ಡ ಅನ್ಯಾಯವೇನಲ್ಲ, ಆದರೆ ಬೀದಿಯ ಜಗಳಗಳಲ್ಲಿ ಈ ಮಾತು ಬಾರದಿರುವುದೂ ಇಲ್ಲ.

ವೇಳೆಯನ್ನು ನಮೂದಿಸದ ಫಲಕ ದಿನದ 24 ಗಂಟೆಯೂ ಅನ್ವಯಿಸುತ್ತದೆಂದೇ ತಿಳಿಯಬೇಕು. ದಿನಾಂಕ ಬದಲಾಗುವುದು ಮಧ್ಯರಾತ್ರಿಯಲ್ಲಿ, ಅಂಗಡಿ ತೆರೆಯುವಾಗ ಅಲ್ಲ. ಪರಸ್ಥಳದಿಂದ ರಾತ್ರಿ 11ಕ್ಕೆ ಬಂದು, ಸರಿಯಾದ ಬದಿಯಲ್ಲೇ ನಿಂತು, ಚಾಲಕ ನಿದ್ರಿಸಿದ ಲಾರಿ ಒಂದು ಗಂಟೆಯ ಬಳಿಕ ನಿಷೇಧದ ವ್ಯಾಪ್ತಿಗೆ ಬರುತ್ತದೆ. ದಿನ ಮತ್ತು ವೇಳೆ ಎರಡನ್ನೂ ಬರೆದಿದ್ದರೆ ಅವೆರಡೂ ಕೂಡಿದಾಗ ಮಾತ್ರ ನಿಷೇಧ. ‘ಸೋಮವಾರದಿಂದ ಶನಿವಾರ’ ಎಂದಿದ್ದರೆ ಭಾನುವಾರ ಬಿಡುವು. ಬುಧವಾರ ಬಂದ ಹಬ್ಬದ ರಜೆಗೆ ಆ ಮಾತುಗಳಲ್ಲಿ ವಿನಾಯಿತಿಯಿಲ್ಲ.

ಫಲಕಗಳಿಗೆ ಬಲ ಬರುವುದು 1988ರ ಮೋಟಾರು ವಾಹನಗಳ ಕಾಯ್ದೆಯಿಂದ. 115ನೆಯ ಪ್ರಕರಣ ನಿರ್ಬಂಧ ವಿಧಿಸುವ ಅಧಿಕಾರವನ್ನೂ, 116ನೆಯದು ಸಂಕೇತಗಳನ್ನು ನೆಡುವ ಅಧಿಕಾರವನ್ನೂ ರಾಜ್ಯ ಸರ್ಕಾರಕ್ಕೆ ಅಥವಾ ಅದು ಅಧಿಕಾರ ನೀಡಿದ ಪ್ರಾಧಿಕಾರಕ್ಕೆ ಕೊಟ್ಟಿವೆ. ಇತರರು ರಸ್ತೆಯಲ್ಲಿ ಸಂಚಾರ ಸಂಕೇತ ನೆಡುವಂತಿಲ್ಲ. ಅಂಗಡಿಯವರು ತಾವೇ ಬರೆಯಿಸಿ ಸಾರ್ವಜನಿಕ ರಸ್ತೆಯಲ್ಲಿಡುವ ‘ನೋ ಪಾರ್ಕಿಂಗ್’ ಹಲಗೆ, ಹೂಕುಂಡ, ಸರಪಳಿಗಳಿಗೆ ಕಾನೂನಿನ ಬೆಂಬಲವಿಲ್ಲ ಎಂಬುದನ್ನು ಅನೇಕರು ಅರಿಯರು. ಅಧಿಕೃತ ಫಲಕವನ್ನು ಮರೆಮಾಡುವ ಜಾಹೀರಾತನ್ನು ತೆಗೆಸಲು ಪೊಲೀಸ್ ಅಧಿಕಾರಿಗೆ ಅಧಿಕಾರ ನೀಡಲು ಇದೇ ಪ್ರಕರಣದಲ್ಲಿ ಅವಕಾಶವಿದೆ. ಅಂಗಡಿಯ ನಾಮಫಲಕ ಹಾಕಿಸುವವರು ಇದನ್ನು ನೆನಪಿಡಬೇಕು.

ದಂಡದ ಪ್ರಮಾಣವೂ ಮೊದಲಿನಂತಿಲ್ಲ. 177ನೆಯ ಪ್ರಕರಣದ ಸಾಮಾನ್ಯ ದಂಡ ಹಿಂದೆ ಮೊದಲ ಬಾರಿಗೆ 100 ರೂಪಾಯಿ, ಮರುಕಳಿಸಿದರೆ 300 ರೂಪಾಯಿಯವರೆಗೆ ಇತ್ತು. 2019ರ ಸೆಪ್ಟೆಂಬರ್ 1ರಿಂದ ಇವು ಕ್ರಮವಾಗಿ 500 ಮತ್ತು 1,500 ರೂಪಾಯಿಗಳಿಗೆ ಏರಿದವು. ಸ್ಥಳದಲ್ಲೇ ರಾಜಿ ಮಾಡಿಕೊಳ್ಳುವ ಮೊತ್ತವನ್ನು ಆಯಾ ರಾಜ್ಯ ಸರ್ಕಾರ ಅಧಿಸೂಚನೆಯ ಮೂಲಕ ಗೊತ್ತುಪಡಿಸುತ್ತದೆ. ಅದಲ್ಲದೆ, ನಿಷೇಧಿತ ಸ್ಥಳದಲ್ಲಿ ನಿಂತ ವಾಹನವನ್ನು ಎಳೆದೊಯ್ಯಲು ಅಥವಾ ಅದರ ಚಕ್ರಕ್ಕೆ ಬೀಗ ಹಾಕಲು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ 127ನೆಯ ಪ್ರಕರಣದಡಿ ಆದೇಶಿಸಬಹುದು. ಎಳೆದೊಯ್ದ ವೆಚ್ಚ ದಂಡದ ಜೊತೆಗೆ ಮಾಲೀಕನ ಮೇಲೆಯೇ ಬೀಳುತ್ತದೆ. ಬಾಡಿಗೆ ವಾಹನಗಳಲ್ಲಿ ಸರಕು ತರಿಸುವ ಸಣ್ಣ ಉದ್ಯಮಿಗಳು ಈ ವೆಚ್ಚವನ್ನು ಯಾರು ಭರಿಸಬೇಕೆಂಬುದನ್ನು ಸಾಗಣೆದಾರರೊಡನೆ ಮೊದಲೇ ಮಾತನಾಡಿಕೊಳ್ಳದಿದ್ದರೆ ಬಿಲ್ಲಿನ ವೇಳೆ ತಕರಾರು ಖಚಿತ.

ಜಾತ್ರೆ, ರಥೋತ್ಸವ, ದಸರಾ ಮೆರವಣಿಗೆಗಳ ಕಾಲದ ನಿರ್ಬಂಧಗಳ ರೀತಿ ಬೇರೆ. ಒಂದು ತಿಂಗಳು ಮೀರದ ನಿರ್ಬಂಧಕ್ಕೆ ರಾಜ್ಯಪತ್ರದಲ್ಲಿ ಅಧಿಸೂಚನೆ ಬೇಕಿಲ್ಲ. ಸನ್ನಿವೇಶಕ್ಕೆ ತಕ್ಕ ಸ್ಥಳೀಯ ಪ್ರಚಾರ ಸಾಕು. ಹಬ್ಬದ ಹಿಂದಿನ ವಾರ ದಾಸ್ತಾನು ತರಿಸುವ ವರ್ತಕರು ಆಗ ದಿನಪತ್ರಿಕೆಗಳಲ್ಲಿ ಬರುವ ಪೊಲೀಸ್ ಪ್ರಕಟಣೆಗಳನ್ನು ನೋಡುತ್ತಿರಬೇಕಾಗುತ್ತದೆ.

ಫಲಕವೇ ಮಾಸಿದ್ದರೆ ಅಥವಾ ಎರಡು ಫಲಕಗಳು ಪರಸ್ಪರ ವಿರುದ್ಧವಾಗಿದ್ದರೆ, ದಿನಾಂಕ ಕಾಣುವಂತೆ ಛಾಯಾಚಿತ್ರ ತೆಗೆದು ಸಂಚಾರ ಠಾಣೆಗೆ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯುವುದು ಒಳಿತು. ಸರಕು ಇಳಿಸಲು ಬೆಳಗಿನ ಪ್ರತ್ಯೇಕ ವೇಳೆ ಬೇಕೆನ್ನುವ ಬೀದಿಗಳ ವರ್ತಕರು ಒಬ್ಬೊಬ್ಬರಾಗಿ ಹೋಗುವುದಕ್ಕಿಂತ, ಎರಡೂ ಬದಿಯವರ ಸಹಿಯೊಡನೆ, ವಾಹನಗಳು ಬರುವ ವೇಳೆ ಮತ್ತು ಸರಾಸರಿ ಸಂಖ್ಯೆಯನ್ನು ನಮೂದಿಸಿ ತಮ್ಮ ಸಂಘದ ಮೂಲಕ ಮನವಿ ಸಲ್ಲಿಸಬಹುದು.