ಹಳೆಯ ಪೆಡಲಿಗೆ ಹೊಸ ಕ್ಲೀಟು

ಮಾಟುಂಗದ ಹೋಟೆಲೊಂದರಲ್ಲಿ ಗಲ್ಲೆಯ ಮೇಲೆ ಕುಳಿತುಕೊಳ್ಳುವ ನಮ್ಮ ತರುಣ ಮಿತ್ರರೊಬ್ಬರು ಈಚೆಗೆ ಒಂದು ಕಾಗದದ ಪೊಟ್ಟಣವನ್ನು ಹಿಡಿದುಕೊಂಡು ನಮ್ಮಲ್ಲಿಗೆ ಬಂದರು. ಅವರ ಊರು ಕುಂದಾಪುರದ ಕಡೆ. ನಸುಕಿನಲ್ಲೆದ್ದು ಠಾಣೆಯವರೆಗೆ ಸೈಕಲ್ಲು ತುಳಿದು, ಹಿಂತಿರುಗಿ ಸ್ನಾನ ಮಾಡಿ ಗಲ್ಲೆಗೆ ಹೋಗುವ ಹವ್ಯಾಸ ಅವರಿಗೆ ಎರಡು ವರ್ಷಗಳಿಂದ ಅಂಟಿಕೊಂಡಿದೆ. ಬಿ.ಆರ್.ಎಂ. ಎಂದು ಕರೆಯಲ್ಪಡುವ ದೂರದ ಸವಾರಿಗಳಲ್ಲಿ 200 ಕಿಲೋಮೀಟರನ್ನು 13½ ಗಂಟೆಗಳ ಒಳಗೆ ಮುಗಿಸಬೇಕೆಂಬ ನಿಯಮವುಂಟು. ಅಂಥದೊಂದನ್ನು ಮುಗಿಸಬೇಕೆಂಬುದು ಅವರ ಬಹುದಿನದ ಆಸೆ.

ಪೊಟ್ಟಣವನ್ನು ಬಿಚ್ಚಿದರೆ ಅದರಲ್ಲಿ ಒಂದು ಜೊತೆ ಹಳೆಯ ಪೆಡಲುಗಳೂ ಒಂದು ಜೊತೆ ಹೊಚ್ಚಹೊಸ ಕ್ಲೀಟುಗಳೂ ಇದ್ದುವು. ಪೆಡಲುಗಳನ್ನು ಗುಜರಿ ಅಂಗಡಿಯಲ್ಲಿ ಅಗ್ಗಕ್ಕೆ ಕೊಂಡದ್ದು. ಕ್ಲೀಟುಗಳನ್ನು ಬೇರೊಂದು ಅಂಗಡಿಯಲ್ಲಿ ಪೂರ್ತಿ ಬೆಲೆ ತೆತ್ತು ಕೊಂಡದ್ದು. ಇವೆರಡೂ ಒಂದಕ್ಕೊಂದು ಕೂಡಲೊಲ್ಲವು. “ಪೆಡಲಿನ ಮೇಲೂ ಶಿಮಾನೊ, ಡಬ್ಬಿಯ ಮೇಲೂ ಶಿಮಾನೊ. ಹೆಸರು ಒಂದೇ ಇರುವಾಗ ಕೂಡದೆ ಇರುವುದು ಹೇಗೆ, ರಾಯರೇ?” ಎಂದು ಅವರು ಕೇಳಿದರು. ಡಬ್ಬಿಯನ್ನು ಒಡೆದಾದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲವೆಂದು ಅಂಗಡಿಯವನು ಹೇಳಿಬಿಟ್ಟಿದ್ದನಂತೆ. ಹೊಟ್ಟೆಬಟ್ಟೆ ಕಟ್ಟಿ ಕೂಡಿಟ್ಟ ಹಣ ಹಾಗೆ ಹೋದಾಗ ಯಾರಿಗಾದರೂ ಸಂಕಟವಾಗದೆ ಇರದು.

ಈ ವಸ್ತುಗಳನ್ನು ಕಂಡರಿಯದ ವಾಚಕರಿಗಾಗಿ ನಾಲ್ಕು ಮಾತು. ನಮ್ಮ ಹಿರಿಯರು ಚಪ್ಪಲಿ ಮೆಟ್ಟಿಯೇ ತುಳಿಯುತ್ತಿದ್ದ ರಬ್ಬರಿನ ಪೆಡಲು ಇದಲ್ಲ. ಸವಾರನ ಬೂಟಿನ ಅಟ್ಟೆಗೆ ಒಂದು ಸಣ್ಣ ಕೊಂಡಿಯನ್ನು ತಿರುಪಿನಿಂದ ಬಿಗಿದಿರುತ್ತಾರೆ, ಅದೇ ಕ್ಲೀಟು. ಪೆಡಲಿನಲ್ಲಿ ಒಂದು ಬಾಯಿಯೂ ಅದರ ಹಿಂದೆ ಸ್ಪ್ರಿಂಗೂ ಇರುತ್ತವೆ. ಕಾಲಿಟ್ಟು ಒತ್ತಿದರೆ ‘ಟಕ್’ ಎಂದು ಕಚ್ಚಿಕೊಳ್ಳುತ್ತದೆ. ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಬಿಟ್ಟುಕೊಳ್ಳುತ್ತದೆ. ಇಷ್ಟಾಗಿಯೂ ಇದನ್ನು ಕ್ಲಿಪ್‌ಲೆಸ್, ಅಂದರೆ ಕ್ಲಿಪ್ಪಿಲ್ಲದ ಪೆಡಲು ಎಂದು ಕರೆಯುವುದು ವಿಚಿತ್ರವಾಗಿ ತೋರಬಹುದು. ಮೊದಲು ಪಂದ್ಯದ ಸವಾರರು ಬೂಟಿನ ತುದಿಯನ್ನು ಲೋಹದ ಕ್ಲಿಪ್ಪಿನೊಳಗೆ ತೂರಿಸಿ ತೊಗಲಿನ ಪಟ್ಟಿಯಿಂದ ಬಿಗಿದುಕೊಳ್ಳುತ್ತಿದ್ದರು. ಆ ಕ್ಲಿಪ್ಪು ಇದರಲ್ಲಿಲ್ಲವಾದ್ದರಿಂದ ಈ ಹೆಸರು ನಿಂತಿತು. ಇಟಲಿಯ ಚಿನೆಲ್ಲಿ ಸಂಸ್ಥೆ 1970ರ ದಶಕದಲ್ಲಿಯೇ ಇಂಥದೊಂದನ್ನು ತಂದಿತ್ತಾದರೂ ಅದರಿಂದ ಕಾಲು ಬಿಡಿಸಿಕೊಳ್ಳಲು ಬಗ್ಗಿ ಕೈಯಿಂದ ಸನ್ನೆಯನ್ನು ಸರಿಸಬೇಕಾಗಿತ್ತು. ಹಿಮದ ಮೇಲೆ ಜಾರುವವರ ಬೂಟುಗಳಿಗೆ ಕೊಂಡಿ ಮಾಡುತ್ತಿದ್ದ ಫ್ರಾನ್ಸಿನ ಲುಕ್ ಸಂಸ್ಥೆ 1984ರಲ್ಲಿ ಅದೇ ವಿದ್ಯೆಯನ್ನು ಪೆಡಲಿಗೆ ತಂದಿತು. ಮರುವರ್ಷ ಬರ್ನಾರ್ ಇನೋ ಅವರು ಆ ಪೆಡಲನ್ನು ತುಳಿದೇ ಟೂರ್ ದ ಫ್ರಾನ್ಸ್ ಗೆದ್ದರು. ಆ ಬಳಿಕ ತೊಗಲಿನ ಪಟ್ಟಿಯ ಕಾಲ ಮುಗಿಯುತ್ತ ಬಂತು.

ಈಗ ನಮ್ಮ ಮಿತ್ರರ ಪ್ರಶ್ನೆಗೆ ಬರೋಣ. ಜಪಾನಿನ ಶಿಮಾನೊ ಎಂಬ ಒಂದೇ ಹೆಸರಿನಡಿಯಲ್ಲಿ ಕನಿಷ್ಠ ನಾಲ್ಕು ಬಗೆಯ ಬಾಯಿಗಳು ಬಂದುಹೋಗಿವೆ. ಮೊದಲಿನದು ಲುಕ್ ಸಂಸ್ಥೆಯಿಂದ ಪರವಾನಗಿ ಪಡೆದು ಮಾಡಿದ್ದು. ಅದಕ್ಕೆ ಕೂಡುವುದು ಲುಕ್‌ನ ಹಳೆಯ ‘ಡೆಲ್ಟಾ’ ಕ್ಲೀಟು ಮಾತ್ರ. ಎರಡನೆಯದು 1990ರಲ್ಲಿ ಬಂದ ಎಸ್.ಪಿ.ಡಿ.; ಇದರ ಕ್ಲೀಟು ಬೆರಳಿನಷ್ಟು ಚಿಕ್ಕದಾದ ಉಕ್ಕಿನ ತುಂಡು, ಅಟ್ಟೆಯ ಗುಳಿಯೊಳಗೆ ಅಡಗಿಕೊಳ್ಳುವುದರಿಂದ ಬೂಟು ಹಾಕಿಕೊಂಡೇ ನಡೆದಾಡಬಹುದು. ಮೂರನೆಯದು 1990ರ ದಶಕದ ಉತ್ತರಾರ್ಧದ ಎಸ್.ಪಿ.ಡಿ.-ಆರ್. ಇದು ಅಲ್ಪಾಯುಷಿ. ಇದರ ಪೆಡಲು ಗುಜರಿಯಲ್ಲಿ ಹೊಳೆಹೊಳೆಯುತ್ತ ಸಿಕ್ಕಿದರೂ ಕ್ಲೀಟು ಸಿಕ್ಕುವುದು ಬಹಳ ಕಷ್ಟವಾದ್ದರಿಂದ ಕೈಮುಗಿದು ಮುಂದೆ ಹೋಗುವುದೇ ಲೇಸು. ನಾಲ್ಕನೆಯದು ಈ ಶತಮಾನದ ಆರಂಭದ ವರ್ಷಗಳಲ್ಲಿ ಬಂದು ಇಂದಿಗೂ ನಡೆಯುತ್ತಿರುವ ಎಸ್.ಪಿ.ಡಿ.-ಎಸ್.ಎಲ್. ನಮ್ಮ ಮಿತ್ರರ ಪೆಡಲು ಮೊದಲನೆಯ ಬಗೆಯದು, ಅವರು ಕೊಂಡ ಕ್ಲೀಟು ನಾಲ್ಕನೆಯದಕ್ಕೆ ಸೇರಿದ್ದು.

ಇದನ್ನು ತಿಳಿಯುವ ಬಗೆ ಸುಲಭ. ಶಿಮಾನೊ ಪೆಡಲಿನ ಮೈಮೇಲೆ ‘ಪಿ.ಡಿ.’ ಎಂದು ಆರಂಭವಾಗುವ ಒಂದು ಸಂಖ್ಯೆ ಒತ್ತಿರುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಜಿಡ್ಡನ್ನು ಒರೆಸಿದಾಗ ನಮಗೆ ಕಂಡುಬಂದುದು 7401. ಅದೇ 7700 ಆಗಿದ್ದರೆ ಎಸ್.ಪಿ.ಡಿ.-ಆರ್. ಹೀಗೆ ಆ ಸಂಖ್ಯೆಯನ್ನು ಬರೆದುಕೊಂಡು, ಅದಕ್ಕೆ ಯಾವ ಕ್ಲೀಟೆಂಬುದನ್ನು ವಿಚಾರಿಸಿದ ಮೇಲೆಯೇ ಹಣವನ್ನು ಹೊರಗೆ ತೆಗೆಯಬೇಕು. ಸಾಧ್ಯವಾದರೆ ಪೆಡಲನ್ನೇ ಅಂಗಡಿಗೆ ಒಯ್ಯಬೇಕು. ಮಾರುವವನ ಬಾಯಿಗಿಂತ ಪೆಡಲಿನ ಬಾಯಿಯನ್ನು ನಂಬುವುದು ಮೇಲು.

ಬೂಟಿನ ಅಟ್ಟೆಯಿಂದಲೂ ಮೋಸಹೋಗುವುದುಂಟು. ಅಡ್ಡಡ್ಡಲಾಗಿ ಅಕ್ಕಪಕ್ಕದಲ್ಲಿ ಎರಡು ತಿರುಪುಗಳಿಗೆ ಎಡೆಯಿದ್ದರೆ ಅದು ಎಸ್.ಪಿ.ಡಿ. ಬೂಟು. ಎರಡು ತಿರುಪುಗಳು ಹಿಂದುಮುಂದಾಗಿ ಬರುವಂತಿದ್ದರೆ ಎಸ್.ಪಿ.ಡಿ.-ಆರ್. ತ್ರಿಕೋಣಾಕಾರವಾಗಿ ಮೂರು ತೂತುಗಳಿದ್ದರೆ ಆ ಬೂಟಿಗೆ ಲುಕ್ ಡೆಲ್ಟಾ, ಲುಕ್ ಸಂಸ್ಥೆಯವರೇ ಆಮೇಲೆ ತಂದ ‘ಕಿಯೊ’, ಶಿಮಾನೊದ ಎಸ್.ಪಿ.ಡಿ.-ಎಸ್.ಎಲ್. ಈ ಮೂರನ್ನೂ ಬಿಗಿಯಬಹುದು. ತೊಡಕಿರುವುದು ಇಲ್ಲಿಯೇ. ಮೂರೂ ಒಂದೇ ಬೂಟಿಗೆ ಕೂಡುತ್ತವೆ, ಆದರೆ ಒಂದರ ಪೆಡಲಿಗೆ ಇನ್ನೊಂದು ಕೂಡದು. ಡೆಲ್ಟಾ, ಕಿಯೊ ಎರಡೂ ಒಂದೇ ಮನೆಯ ಅಣ್ಣತಮ್ಮಂದಿರಾದರೂ ಒಬ್ಬರ ಬಾಗಿಲಿಗೆ ಇನ್ನೊಬ್ಬರ ಬೀಗದ ಕೈ ಹತ್ತುವುದಿಲ್ಲ. ತಿರುಪು ಸರಿಯಾಗಿ ಕೂತಿತೆಂದು ಸಂತೋಷಪಟ್ಟ ನಮ್ಮ ಮಿತ್ರರಿಗೆ ನಿಜ ಗೊತ್ತಾದದ್ದು ಸೈಕಲ್ಲನ್ನೇರಿದ ಮೇಲೆ.

ಬಣ್ಣದ ವಿಷಯವನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಇದರಿಂದ ಕೆಡುವುದು ಹಣವಲ್ಲ, ಮೊಣಕಾಲು. ಕಚ್ಚಿಕೊಂಡ ಮೇಲೂ ಪಾದವು ಅತ್ತಿತ್ತ ತುಸು ಹೊರಳುವಂತೆ ಕ್ಲೀಟುಗಳಲ್ಲಿ ಸಡಿಲವನ್ನು ಇಟ್ಟಿರುತ್ತಾರೆ. ಎಷ್ಟು ಡಿಗ್ರಿ ಸಡಿಲವೆಂಬುದನ್ನು ಬಣ್ಣ ಸೂಚಿಸುತ್ತದೆ. ಶಿಮಾನೊ ಎಸ್.ಪಿ.ಡಿ.-ಎಸ್.ಎಲ್.ನಲ್ಲಿ ಹಳದಿಗೆ 6, ನೀಲಿಗೆ 2, ಕೆಂಪಿಗೆ ಸೊನ್ನೆ. ಲುಕ್ ಕಿಯೊದಲ್ಲಾದರೋ ಕೆಂಪಿಗೆ 9, ಬೂದುಬಣ್ಣಕ್ಕೆ 4½, ಕಪ್ಪಿಗೆ ಸೊನ್ನೆ. ಅಂದರೆ ಒಂದು ಮನೆಯಲ್ಲಿ ಎಲ್ಲಕ್ಕಿಂತ ಬಿಗಿಯಾದ ಕೆಂಪು ಇನ್ನೊಂದು ಮನೆಯಲ್ಲಿ ಎಲ್ಲಕ್ಕಿಂತ ಸಡಿಲ. “ಸ್ನೇಹಿತನದು ಕೆಂಪು, ನನಗೂ ಕೆಂಪು ಕೊಡಿ” ಎಂದು ಕೊಂಡವರು ಪಾದವನ್ನು ಮೊಳೆ ಹೊಡೆದಂತೆ ನಿಲ್ಲಿಸಿಕೊಂಡು ನೂರು ಕಿಲೋಮೀಟರು ತುಳಿದರೆ ಮೊಣಕಾಲು ದೂರದೆ ಇರುವುದೇ? ದಿನವಿಡೀ ಹೋಟೆಲಿನಲ್ಲಿ ನಿಂತು ದುಡಿಯುವವರ ಮೊಣಕಾಲುಗಳಿಗೆ ಸಡಿಲವೇ ಹಿತವೆಂದು ನಮ್ಮ ಅಭಿಪ್ರಾಯ. ಎಸ್.ಪಿ.ಡಿ.ಯನ್ನು ಹೊಸದಾಗಿ ಕಲಿಯುವವರು 51ನೆಯ ಸಂಖ್ಯೆಯ ಬದಲು 56ನೆಯದನ್ನು ಕೇಳಿ ಪಡೆಯಬಹುದು. ಗಾಬರಿಯಲ್ಲಿ ಕಾಲನ್ನು ಮೇಲಕ್ಕೆ ಜಗ್ಗಿದರೂ ಅದು ಬಿಟ್ಟುಕೊಳ್ಳುವಂತೆ ಮಾಡಿದ್ದು.

ಉಳಿದ ಹೆಸರುಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಟೈಮ್, ಕ್ರ್ಯಾಂಕ್ ಬ್ರದರ್ಸ್ ಇವುಗಳಿಗೆ ಅವುಗಳದೇ ಕ್ಲೀಟು ಬೇಕು. ಸ್ಪೀಡ್‌ಪ್ಲೇ ಪೆಡಲಿನಲ್ಲಿ ಸ್ಪ್ರಿಂಗು ಇರುವುದು ಪೆಡಲಿನಲ್ಲಲ್ಲ, ಕ್ಲೀಟಿನಲ್ಲಿ. ಆದುದರಿಂದ ಪೆಡಲು ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವ ಮೊದಲು ಕ್ಲೀಟಿನ ಬೆಲೆಯನ್ನು ಕೇಳಿಕೊಳ್ಳತಕ್ಕದ್ದು.

ಹಳೆಯ ಪೆಡಲನ್ನು ಆರಿಸುವಾಗ ಅಕ್ಷವನ್ನು ಹಿಡಿದು ಅಲುಗಿಸಿ ನೋಡಬೇಕು. ಲೊಟಲೊಟ ಎಂದರೆ ಬೇರಿಂಗು ಸವೆದಿದೆ. ಸ್ಪ್ರಿಂಗಿನ ತಿರುಪು ತಿರುಗುತ್ತದೆಯೇ, ಕಿಲುಬು ಹಿಡಿದು ಕಚ್ಚಿಕೊಂಡಿದೆಯೇ ಎಂಬುದನ್ನು ಪರೀಕ್ಷಿಸಬೇಕು. ಎಲ್, ಆರ್ ಎಂಬ ಗುರುತಿನ ಒಂದೊಂದೇ ಇರಬೇಕು; ಎರಡೂ ಒಂದೇ ಕಡೆಯವಾದರೆ ವ್ಯರ್ಥ. ಎಡಗಡೆಯ ಪೆಡಲಿನ ಮರೆ ತಿರುವುಮುರುವಾಗಿರುವುದರಿಂದ ಅದನ್ನು ಬಿಚ್ಚಲು ಪಾನಾವನ್ನು ಬಲಕ್ಕೆ ತಿರುಗಿಸಬೇಕೆಂಬುದು ನೆನಪಿರಲಿ. ಪೆಡಲು ಹಳೆಯದಾದರೆ ಚಿಂತೆಯಿಲ್ಲ, ಕ್ಲೀಟು ಮಾತ್ರ ಹಳೆಯದು ಬೇಡ. ಅಂಚು ಸವೆದ ಕ್ಲೀಟು ಇಳಿಜಾರಿನಲ್ಲಿ ತಾನಾಗಿ ಕಳಚಿಕೊಳ್ಳಬಹುದು, ಸಿಗ್ನಲಿನಲ್ಲಿ ಕಳಚಿಕೊಳ್ಳದೆಯೂ ಇರಬಹುದು. ಸಾಯನ್ನಿನ ಸಿಗ್ನಲಿನಲ್ಲಿ ಕಾಲು ಬಾರದೆ ಸೈಕಲ್ಲಿನ ಸಮೇತ ಉರುಳಿದವರೊಬ್ಬರನ್ನು ನಾವೇ ಎತ್ತಿ ಕೂರಿಸಿದ್ದೇವೆ. ಹಿಂದಿನ ಬಸ್ಸಿನ ಚಾಲಕ ಎಚ್ಚರವಾಗಿದ್ದುದು ಅವರ ಪುಣ್ಯ.

ನಮ್ಮ ಮಿತ್ರರ ಪೆಡಲಿಗೆ ಗತಿ ದೊರೆತದ್ದು ಅನಿರೀಕ್ಷಿತವಾಗಿ. ಮನೆಯೊಳಗೆ ನಿಂತಲ್ಲಿಯೇ ತುಳಿಯುವ ವ್ಯಾಯಾಮದ ಸೈಕಲ್ಲುಗಳಲ್ಲಿ ಕೆಲವಕ್ಕೆ, ಹೆಸರಾಂತ ಪೆಲೊಟಾನ್‌ಗೂ ಸಹ, ಅದೇ ಹಳೆಯ ಡೆಲ್ಟಾ ಕೊಂಡಿಯೇ ಬೇಕು. ಇದರಿಂದಾಗಿ ಮೂವತ್ತು ವರ್ಷಗಳ ಹಿಂದಿನ ಪೆಡಲಿಗೂ ಇಂದು ಹೊಸ ಕ್ಲೀಟು ಸಿಕ್ಕುತ್ತದೆ. ಬೇರೊಂದು ಕಂಪೆನಿ ಮಾಡಿದ ಕೆಂಪು ಡೆಲ್ಟಾ ಜೊತೆಯೊಂದನ್ನು ತರಿಸಿಕೊಂಡೆವು. ಮೊದಲು ಕೊಂಡದ್ದನ್ನು ಅವರ ಜೊತೆಗಾರರೊಬ್ಬರು ಅರ್ಧಕ್ಕಿಂತ ತುಸು ಹೆಚ್ಚು ಬೆಲೆಗೆ ತೆಗೆದುಕೊಂಡರು.

ಹೆಬ್ಬೆರಳಿನ ಬುಡದ ಗಂಟು ಪೆಡಲಿನ ಅಕ್ಷದ ಮೇಲೆ ಬರುವಂತೆ ಕ್ಲೀಟನ್ನು ಕೂರಿಸಿ, ಸ್ಪ್ರಿಂಗನ್ನು ಆದಷ್ಟು ಸಡಿಲಗೊಳಿಸಿ, ಚಾಳಿನ ಓಣಿಯಲ್ಲಿ ಗೋಡೆ ಹಿಡಿದು ಐವತ್ತು ಸಲ ಕಾಲು ಸಿಕ್ಕಿಸಿ ಬಿಡಿಸುವ ಅಭ್ಯಾಸ ಮಾಡಿಸಿದೆವು. ಮೊದಲ ದಿನ ಎಡಗಾಲು ಎರಡು ಬಾರಿ ಹಟ ಹಿಡಿಯಿತು. ಮೂರನೆಯ ದಿನ ಅವರು ಠಾಣೆಗೆ ಹೋಗಿ ಎಂಟು ಗಂಟೆಯ ಒಳಗೆ ಗಲ್ಲೆಯಲ್ಲಿದ್ದರು.